ಪಂಪಾವತಿಯ ಕಳ್ಳ ಕುಬುಸ

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಕಡ್ಡಿರಾಂಪುರದಲ್ಲಿ ರಸ್ತೆಗೆ ಅಂಟಿಕೊಂಡೇ ನನ್ನ ಖಾನಾವಳಿ ಇದೆ. ಬೋರ್ಡಿನ ಮೇಲೆ ಸುಕನ್ಯಾ ಎಂದು ನನ್ನ ಹೆಸರೇ ಇದ್ದರೂ ಜನ ಬರುವುದು ಪಂಪಾವತಿಯ ರೊಟ್ಟಿಗೆ. ಇದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ನಾನು ರೊಟ್ಟಿ ತಟ್ಟಿದರೆ ಅದು ಯಾವ ದೇಶದ ನಕಾಶೆ ಎಂದು ಗಿರಾಕಿಗಳು ಕೇಳಬೇಕಾಗುತ್ತದೆ. ಅವಳು ತಟ್ಟಿದರೆ ಹಂಚಿನ ತುಂಬ ಗುಂಡಗೆ ಕೂತು, ತಿರುವಿ ಹಾಕಿದ ಕೂಡಲೇ ಉಬ್ಬುತ್ತದೆ. ತಟ್ಟುವಾಗ ಅವಳ ಬಳೆಗಳ ಸದ್ದು ಹೊರಗಿನ ಬೆಂಚಿನವರೆಗೂ ಕೇಳುತ್ತದೆ. ನಾನು ಗಲ್ಲಾದ ಹಿಂದೆ ಕೂತು ಬಾಯಿ ಮಾಡುತ್ತೇನೆ, ಅವಳು ಒಲೆಯ ಮುಂದೆ ಕೂತು ಕೆಲಸ ಮಾಡುತ್ತಾಳೆ. ನಮ್ಮ ಪಾಲುದಾರಿಕೆ ಹೀಗೆ ನಡೆದು ಬಂದಿದೆ.

ಅವಳ ತವರು ಕಂಪ್ಲಿ ಕಡೆಯ ಎಮ್ಮಿಗನೂರು. ಅಪ್ಪನ ಭತ್ತದ ಗದ್ದೆಯಲ್ಲಿ ನಾಟಿ ಮಾಡುತ್ತ ಬೆಳೆದವಳು. ಗಂಡ ಮಾರುತೇಶ್ ಸಂಡೂರಿನ ವಡ್ಡು ಹತ್ತಿರದ ಒಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ಅಲ್ಲೇ ರೂಮು ಮಾಡಿಕೊಂಡಿದ್ದು ವಾರದ ರಜೆಗೆ ಮನೆಗೆ ಬರುತ್ತಾನೆ. ಒಳ್ಳೆಯವನು. ಆದರೆ ಕ್ರೇನಿನಲ್ಲಿ ಅಷ್ಟು ದೊಡ್ಡ ಭಾರ ಎತ್ತಿ ಇಳಿಸುವ ಗಂಡಸಿಗೆ ತನ್ನ ತಾಯಿಯ ಮುಂದೆ ಒಂದು ಮಾತು ಎತ್ತಲು ಬರುವುದಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದು ಈ ಬರಹದಲ್ಲಿ ಅಲ್ಲಲ್ಲಿ ಹೊರಬರುತ್ತದೆ.

ಅವನ ತಾಯಿ ಜಂಬವ್ವ. ಅತ್ತೆ ಎಂದ ತಕ್ಷಣ ಹಲ್ಲು ಕಡಿಯುವ ಹೆಂಗಸನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ಪಂಪಾವತಿಗೆ ಮಕ್ಕಳಾಗಲಿಲ್ಲ. ಜಂಬವ್ವ ಒಂದು ದಿನವೂ ಅದನ್ನು ಎತ್ತಿ ಆಡಿದವಳಲ್ಲ. ಓಣಿಯಲ್ಲಿ ಯಾರೋ ಒಬ್ಬಳು ಬಂಜೆ ಎಂದಿದ್ದಕ್ಕೆ ಈ ಮುದುಕಿ ಅವಳ ಬಾಗಿಲಿಗೇ ಹೋಗಿ ನೀರಿಳಿಸಿ ಬಂದಿದ್ದಳು. ಅವಳ ಕಟ್ಟುನಿಟ್ಟು ಒಂದೇ, ಅದು ಮಡಿಯದು. ಅವರ ಮನೆಯಲ್ಲಿ ಹುಲಿಗೆಮ್ಮನ ಪಡಲಗಿ ಇದೆ, ದೇವಿಯ ಹೆಸರಿನ ಬಿದಿರಿನ ಬುಟ್ಟಿ. ಹಾಗಾಗಿ ಹೊರಗಾದ ಸೊಸೆ ಮುಂಬಾಗಿಲ ಕಟ್ಟೆಯ ಮೇಲೆ ಬೇರೆ ಚಾಪೆ, ಬೇರೆ ತಾಟು ಇಟ್ಟುಕೊಂಡು ಕೂರಬೇಕು. ಪಂಪಾವತಿ ಯಾವಾಗ ಹೊರಗಾದಳು, ಯಾವಾಗ ಒಳಗೆ ಹೋದಳು ಎನ್ನುವುದು ಹಾಲು ಹಾಕುವವನಿಗೂ ತಿಳಿಯುತ್ತಿತ್ತು.

ಬರಬರುತ್ತ ಅವಳು ಒಳಗೆ ಹೋಗುವುದೇ ಅಪರೂಪವಾಯಿತು. ಮುಟ್ಟು ಬಂದರೆ ನಿಲ್ಲುತ್ತಿರಲಿಲ್ಲ. ಬಟ್ಟೆಗೆಂದು ಹರಿದು ಹರಿದು ಹಳೆಯ ಸೀರೆಗಳೇ ಮುಗಿದಿದ್ದವು. ಮುಖ ಸುಣ್ಣ ಬಳಿದ ಗೋಡೆಯ ಹಾಗಾಗಿತ್ತು. ಒಂದು ದಿನ ಹಿಟ್ಟು ನಾದುತ್ತಿದ್ದವಳು ಪಾತ್ರೆಯ ಮೇಲೇ ಬಾಗಿ ಬಿದ್ದಳು. ಆವತ್ತು ನಾನು ಅವಳ ಮಾತು ಕೇಳದೆ ಆಟೋ ಹತ್ತಿಸಿ ಹೊಸಪೇಟೆಗೆ ಎಳೆದುಕೊಂಡು ಹೋದೆ.

ಮೊದಲು ತೋರಿಸಿದ ಡಾಕ್ಟರು ಸ್ಕ್ಯಾನ್ ನೋಡಿ, ಗರ್ಭಚೀಲದಲ್ಲಿ ದೊಡ್ಡ ಗಡ್ಡೆ ಇದೆ, ಚೀಲವನ್ನೇ ತೆಗೆಸಿಬಿಡಿ ಎಂದರು. ಹುಳುಕು ಹಲ್ಲು ಕೀಳಿಸುವ ಮಾತು ಹೇಳಿದಂತಿತ್ತು. ನಮ್ಮ ಕಡೆ ಇದೇನು ಹೊಸದಲ್ಲ. ನಲವತ್ತು ತುಂಬುವುದರೊಳಗೆ ಚೀಲ ತೆಗೆಸಿಕೊಂಡ ಹೆಂಗಸರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಹೊರಗೆ ಬಂದು ಎಳನೀರು ಕೊಡಿಸಿದೆ. ಪಂಪಾವತಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಸುಕನ್ಯಕ್ಕ, ಚೀಲಾನ ತೆಗದ್ರ ಎಲ್ಲಾ ಮುಗದ್ ಹೋತಲ್ಲ. ಇನ್ನೂ ಒಂದು ಆಸಿ ಐತಿ ನನಿಗೆ" ಎಂದಳು.

ಆ ಆಸೆಯನ್ನು ಕಟ್ಟಿಕೊಂಡೇ ನಾವು ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದದ್ದು. ಆ ಪುಣ್ಯಾತಗಿತ್ತಿ ನಮ್ಮನ್ನು ಕೂರಿಸಿ ಸಮಾಧಾನವಾಗಿ ಮಾತಾಡಿದರು. ಇದು ಕ್ಯಾನ್ಸರ್ ಅಲ್ಲ, ಫೈಬ್ರಾಯ್ಡ್ ಎನ್ನುತ್ತಾರೆ, ಗರ್ಭಚೀಲದ ಸ್ನಾಯುವಿನ ಕಣಗಳೇ ಅತಿಯಾಗಿ ಬೆಳೆದು ಗಡ್ಡೆ ಕಟ್ಟಿವೆ ಎಂದರು. ಆಮೇಲೆ, "ನಿಮ್ಮ ತವರಲ್ಲಿ ಏನು ಬೆಳೀತೀರಿ?" ಎಂದು ಕೇಳಿದರು.

"ಭತ್ತ ರಿ" ಎಂದಳು ಪಂಪಾವತಿ.

"ಹಾಗಾದರೆ ನಿನಗೆ ಬೇಗ ತಿಳಿಯುತ್ತೆ. ಹೆಂಗಸಿನ ಅಂಡಾಶಯದಿಂದ ಹಾರ್ಮೋನು ಅಂತ ಬರುತ್ತೆ, ಕಾಲುವೆ ನೀರು ಬಂದ ಹಾಗೆ. ತಿಂಗಳು ತಿಂಗಳು ಮುಟ್ಟಾಗೋದು ಅದರಿಂದಲೇ. ಈ ಗಡ್ಡೆ ಕುಡಿದು ಬೆಳೆಯೋದೂ ಆ ನೀರನ್ನೇ. ಅದರ ಕಣಗಳಿಗೆ ಪಕ್ಕದ ಕಣಗಳಿಗಿಂತ ಬಾಯಿ ಜಾಸ್ತಿ, ಬಂದದ್ದನ್ನೆಲ್ಲ ಹೀರಿಕೊಂಡು ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ತೂಬು ಎತ್ತು ಅಂತ ಅಂಡಾಶಯಕ್ಕೆ ಹೇಳೋದು ಮೆದುಳು. ನಾನು ಕೊಡೋ ಇಂಜೆಕ್ಷನ್ ಆ ಹೇಳಿಕೆಯನ್ನೇ ನಿಲ್ಲಿಸುತ್ತೆ. ಮೊದಲ ಸಲ ಸ್ವಲ್ಪ ಜಾಸ್ತಿ ಹೋಗಬಹುದು, ಹೆದರಬೇಡ. ಆಮೇಲೆ ತೂಬು ಮುಚ್ಚುತ್ತೆ. ನೀರಿಲ್ಲದೆ ಕಣಗಳು ಬೆಳೆಯೋದು ನಿಲ್ಲಿಸ್ತಾವೆ, ಗಡ್ಡೆ ಕುಗ್ಗುತ್ತೆ, ಮುಟ್ಟೂ ನಿಲ್ಲುತ್ತೆ."

"ಅಂದ್ರ ಗಡ್ಡಿ ಕರಗಿ ಹೋಕ್ಕೈತೇನ್ರಿ?" ಎಂದು ನಾನು ಬಾಯಿ ಹಾಕಿದೆ.

"ಇಲ್ಲ. ಅದು ಸಾಯೋದಿಲ್ಲ, ಸುಮ್ಮನೆ ಕೂತಿರುತ್ತೆ. ಬಹಳ ತಿಂಗಳು ಈ ಔಷಧಿ ಕೊಡೋ ಹಾಗೂ ಇಲ್ಲ, ಮೂಳೆ ಸವೆಯುತ್ತೆ. ನಿಲ್ಲಿಸಿದರೆ ತೂಬು ಎತ್ತಿದ ಹಾಗೇ, ಗಡ್ಡೆ ಮತ್ತೆ ಮೊದಲಿನಂತೆ ಬೆಳೆಯುತ್ತೆ. ಮೂರು ತಿಂಗಳು ಮೂರು ಇಂಜೆಕ್ಷನ್. ಅದು ಸಣ್ಣದಾಗಿ, ನಿನ್ನ ಮೈಯಲ್ಲಿ ರಕ್ತ ತುಂಬಿಕೊಂಡ ಮೇಲೆ ಆಪರೇಶನ್ ಮಾಡಿ ಗಡ್ಡೆ ಒಂದನ್ನೇ ತೆಗೀತೀನಿ. ಚೀಲ ಉಳಿಯುತ್ತೆ. ಆದರೆ ನಾನು ಕರೆದ ದಿನ ಬರಬೇಕು. ತಡ ಮಾಡಿದರೆ ಇದೆಲ್ಲ ನೀರಲ್ಲಿ ಹೋಮ."

ಚೀಲ ಉಳಿಯುತ್ತೆ ಎನ್ನುವ ಮಾತನ್ನು ಪಂಪಾವತಿ ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳಿಕೊಂಡಳು. ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಜಂಬವ್ವನ ತಂಗಿ ಎದೆಯ ಗಡ್ಡೆಯಾಗಿ ನರಳಿ ಸತ್ತವಳು. ಅಂದಿನಿಂದ ಗಡ್ಡೆ ಎಂಬ ಮಾತು ಕೇಳಿದರೆ ಈ ಮುದುಕಿ ಊಟ ಬಿಟ್ಟು ಮೂಲೆ ಹಿಡಿಯುತ್ತಿದ್ದಳು. ಮಾರುತೇಶ್ ರಜೆಗೆ ಬಂದಾಗ, "ಅವ್ವಗ ಈಗ ಹೇಳಬ್ಯಾಡ. ರಕ್ತ ಕಮ್ಮಿ ಐತಿ, ಅದಕ್ಕ ಇಂಜೆಕ್ಷನ್ ಅನ್ನು. ಆಪರೇಶನ್ ಟೈಮಿಗೆ ನಾನೇ ಹೇಳ್ತೀನಿ" ಎಂದ. ಆ ಕ್ಷಣಕ್ಕೆ ನನಗೂ ಅದು ಸರಿ ಎನಿಸಿತು.

ದೀಪಾವಳಿ ಕಳೆದ ಮೇಲೆ ಮೊದಲ ಇಂಜೆಕ್ಷನ್ ಆಯಿತು. ಡಾಕ್ಟರಮ್ಮ ಹೇಳಿದಂತೆ ಒಮ್ಮೆ ಜೋರಾಗಿ ಹೋಗಿ, ಆಮೇಲೆ ಮುಟ್ಟು ನಿಂತೇ ಹೋಯಿತು. ಮುಖಕ್ಕೆ ರಂಗು ಬಂತು. ಆದರೆ ಬೇರೆ ಕಾಟ ಶುರುವಾಯಿತು. ನಾವೆಲ್ಲ ಚಳಿಗೆ ಶಾಲು ಹೊದ್ದು ಕೂತಿದ್ದರೆ ಇವಳಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆಂಕಿ ಹಚ್ಚಿದ ಹಾಗಾಗಿ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಒಲೆ ಬಿಟ್ಟು ಓಡಿಹೋಗಿ ಫ್ಯಾನಿನ ಕೆಳಗೆ ನಿಲ್ಲುತ್ತಿದ್ದಳು. ಸಿಡುಕು ಬೇರೆ. ಒಮ್ಮೆ ನನ್ನ ಮೇಲೆ ಸೌಟು ಎಸೆದು, ಎಸೆದದ್ದಕ್ಕೆ ತಾನೇ ಅತ್ತಳು. ಔಷಧಿ ಮಾಡಿಸುತ್ತಿರುವ ಆಟ ಇದು ಎಂದು ನನಗೆ ಗೊತ್ತಿದ್ದರಿಂದ ಸೌಟು ಎತ್ತಿ ತೊಳೆದಿಟ್ಟೆ. ಎರಡನೆಯ ಇಂಜೆಕ್ಷನ್ನಿನ ಹೊತ್ತಿಗೆ ಸ್ಕ್ಯಾನಿನಲ್ಲಿ ಗಡ್ಡೆ ನಿಜವಾಗಿಯೂ ಸಣ್ಣದಾಗಿತ್ತು. ಆವತ್ತು ನಾವಿಬ್ಬರೂ ಹೊಸಪೇಟೆಯಲ್ಲಿ ಮಿರ್ಚಿ ತಿಂದು ಬಂದೆವು.

ಆದರೆ ಜಂಬವ್ವನಿಗೆ ಕಂಡದ್ದು ಬೇರೆ. ಸೊಸೆ ಕಟ್ಟೆಯ ಮೇಲೆ ಕೂರುವುದು ನಿಂತಿದೆ. ಕಾರಣವಿಲ್ಲದೆ ಬೆವರುತ್ತಾಳೆ, ಸಿಡುಕುತ್ತಾಳೆ, ನಿದ್ದೆಯಿಲ್ಲ, ಮುಖದಲ್ಲಿ ಕಳೆ ಬಂದಿದೆ. ಇಷ್ಟು ವರ್ಷ ಕಾದು ಕೂತ ಜೀವ ಇನ್ನೇನು ತಿಳಿದುಕೊಳ್ಳಬೇಕು? ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಅದನ್ನು ಕೇಳುವಂತಿಲ್ಲ. ಹೊಟ್ಟೆ ಎದ್ದು ಕಾಣುವ ತನಕ ಬಸಿರು ಎನ್ನುವ ಮಾತನ್ನು ಬಾಯಿಬಿಟ್ಟು ಆಡಿದರೆ ದೃಷ್ಟಿಯಾಗುತ್ತದೆ, ನಿಂತದ್ದು ಜಾರುತ್ತದೆ. ಅದರಲ್ಲೂ ಇಷ್ಟು ತಡವಾಗಿ ನಿಂತದ್ದು! ಜಂಬವ್ವ ತುಟಿ ಬಿಗಿದುಕೊಂಡು ಸೊಸೆಯ ಕೈಯಿಂದ ಕೊಡ ಕಸಿದುಕೊಳ್ಳತೊಡಗಿದಳು. ಎಲ್ಲಿಂದಲೋ ಮಾವಿನಕಾಯಿ ಉಪ್ಪಿನಕಾಯಿ ತರಿಸಿದಳು. ಮಧ್ಯಾಹ್ನ ಖಾನಾವಳಿಗೇ ಡಬ್ಬಿ ತಂದು, ಸೊಸೆ ಕೊನೆಯ ತುತ್ತು ನುಂಗುವವರೆಗೆ ಎದುರಿಗೆ ಕೂರುತ್ತಿದ್ದಳು. ರೊಟ್ಟಿ ತಟ್ಟುವವಳಿಗೆ ಹೊರಗಿನಿಂದ ಊಟ ಬರುವುದನ್ನು ಕಂಡು ಗಿರಾಕಿಗಳು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಜಂಬವ್ವ ಅತ್ತ ಹೋದ ಮೇಲೆ ಕೇಳಿದೆ. "ನಿಮ್ಮತ್ತಿ ಏನ್ ತಿಳ್ಕೊಂಡಾಳ ಗೊತ್ತೈತೇನು?"

"ಗೊತ್ತೈತಿ."

"ಮತ್ತ ಹೇಳಾಕ ಏನ್ ಧಾಡಿ ನಿನಗ?"

"ಇವರು ಹೇಳ್ತೀನಿ ಅಂದಾರಕ್ಕ" ಎಂದು ಹೇಳಿ ಹಂಚಿನ ಕಡೆ ತಿರುಗಿದಳು. ಇವರು ಎಂದರೆ ಮಾರುತೇಶ್. ಅವನು ವಾರವಾರ ಹೇಳಲೆಂದು ಬರುತ್ತಿದ್ದ, ಕೋಳಿಸಾರು ಉಂಡು ಹೇಳದೇ ಹೋಗುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಮೂರನೆಯ ಇಂಜೆಕ್ಷನ್ ಮುಗಿಯಿತು. ಆ ತಿಂಗಳ ಕೊನೆಗೆ ಬಂದು ದಾಖಲಾಗಲು ಡಾಕ್ಟರಮ್ಮ ದಿನ ಗೊತ್ತುಮಾಡಿದರು. ಅದೇ ವಾರ ಜಂಬವ್ವ ನನ್ನನ್ನು ಮನೆಗೆ ಕರೆದಳು. ಕಳ್ಳ ಕುಬುಸ ಮಾಡುವವಳಿದ್ದಳು. ಏಳನೆಯ ತಿಂಗಳಲ್ಲಿ ಊರಿಗೆಲ್ಲ ಹೇಳಿ ಮಾಡುವ ಕುಬುಸ ಬೇರೆ. ಇದು ಮೂರನೆಯ ತಿಂಗಳಿನದು. ಯಾರಿಗೂ ತಿಳಿಯದಂತೆ, ಬಾಗಿಲು ಹಾಕಿಕೊಂಡು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬುಸ ತೊಡಿಸಿ, ಉಡಿ ತುಂಬುತ್ತಾರೆ. ಅದಕ್ಕೆ ಒಬ್ಬ ಮುತ್ತೈದೆಯಾದರೂ ಬೇಕಲ್ಲ. ನನ್ನ ಗಂಡ ಇದ್ದೂ ಇಲ್ಲದಂತಿದ್ದರೂ ಲೆಕ್ಕಕ್ಕೆ ನಾನು ಮುತ್ತೈದೆಯೇ.

ಏನಾದರಾಗಲಿ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಹೋದೆ. ಜಂಬವ್ವ ನಡುಮನೆಯಲ್ಲಿ ಅರಿಸಿನ ಕಲಸುತ್ತಿದ್ದಳು.

"ದೊಡ್ಡವ್ವ, ಒಂದು ಮಾತು ಕೇಳು. ಪಂಪಾವತಿ ಹೊಟ್ಟ್ಯಾಗ ಇರೋದು..."

ಅಷ್ಟೇ. ಮುದುಕಿ ಚಂಗನೆ ಎದ್ದು ಅರಿಸಿನದ ಕೈಯನ್ನು ನನ್ನ ಬಾಯಿಗೆ ಒತ್ತಿದಳು. "ಬಾಯಿ ಬಿಡಬ್ಯಾಡ ನಮ್ಮವ್ವ! ಗ್ವಾಡಿಗೂ ಕಿವಿ ಇರ್ತಾವ. ನನಗೆಲ್ಲಾ ಗೊತ್ತೈತಿ, ನೀ ಏನೂ ಹೇಳಬ್ಯಾಡ" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಶುಭ ಸುದ್ದಿ ಹೇಳಲು ಬಾಯಿ ತೆರೆದೆ ಎಂದುಕೊಂಡಿದ್ದಳು ಆ ಹುಚ್ಚು ತಾಯಿ.

ಆ ಕೈಯನ್ನು ಬಿಡಿಸಿಕೊಂಡು ಹೇಳುವಷ್ಟರಲ್ಲಿ ಪಂಪಾವತಿ ಒಳಗಿನಿಂದ ಬಂದಳು. ಹಸಿರು ಸೀರೆ ಉಟ್ಟಿದ್ದಳು. ಅವಳನ್ನು ಎಷ್ಟೋ ವರ್ಷಗಳಿಂದ ಒಲೆಯ ಹೊಗೆಯಲ್ಲೇ ನೋಡಿದವಳು ನಾನು. ಅವಳು ಇಷ್ಟು ಚೆಲುವೆ ಎಂದು ಆವತ್ತೇ ತಿಳಿದದ್ದು. ನನ್ನ ಕಡೆ ಒಮ್ಮೆ ನೋಡಿ, "ಬಾ ಸುಕನ್ಯಕ್ಕ, ಕುಂಕುಮ ಹಚ್ಚು" ಎಂದಳು. ಹಚ್ಚಿದೆ. ಜಂಬವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಎಂದು ಒಂದೊಂದೇ ಅವಳ ಉಡಿಗೆ ಹಾಕುತ್ತ, ಸದ್ದಾಗಬಾರದೆಂದು ತುಟಿಯೊಳಗೇ ಸೋಬಾನೆ ಹೇಳಿಕೊಂಡಳು. ಪಂಪಾವತಿ ಎರಡೂ ಕೈಯಲ್ಲಿ ಉಡಿಯನ್ನು ಅವಚಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು.

ಬೀಳ್ಕೊಡಲು ಹಿತ್ತಲ ತನಕ ಬಂದವಳಿಗೆ ಚೆನ್ನಾಗಿ ಬೈದೆ. ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನನ್ನಾಣಿ ಐತಿ ಅಕ್ಕ, ನೀ ಹೇಳಬ್ಯಾಡ. ಆಸ್ಪತ್ರಿಗೆ ಹೋಗೋ ದಿನ ನಾನೇ ಹೇಳ್ತೀನಿ." ಆಣೆಗೆ ಕಟ್ಟುಬಿದ್ದು ಸುಮ್ಮನಾದೆ.

ಆಸ್ಪತ್ರೆಗೆ ಹೋಗುವ ದಿನ ಬಂತು, ಅವಳು ಬರಲಿಲ್ಲ. ಉಡಿ ತುಂಬಿದವಳು ಹರಿಯುವ ನೀರು ದಾಟಬಾರದೆಂದು ಜಂಬವ್ವ ಹೇಳಿದ್ದಳಂತೆ. ಹೊಸಪೇಟೆಗೆ ಹೋಗಲು ಕಾಲುವೆ ದಾಟಲೇಬೇಕು. "ಅಮಾಸಿ ಆಗಲಿ ಅಕ್ಕ" ಎಂದಳು. ಅಮಾವಾಸ್ಯೆ ಕಳೆದ ಮೇಲೆ, "ಶಿವರಾತ್ರಿ ಆಗಲಿ" ಎಂದಳು. ಆಸ್ಪತ್ರೆಯವರು ಫೋನ್ ಮಾಡಿದರೆ ಕಟ್ ಮಾಡುತ್ತಿದ್ದಳು. ರಕ್ತ ಹೆಚ್ಚಲು ಕೊಟ್ಟ ಗುಳಿಗೆ ಉಷ್ಣ ಎಂದು ಜಂಬವ್ವ ನಿಲ್ಲಿಸಿದಳು, ಇವಳೂ ಮರುಮಾತಾಡದೆ ನಿಲ್ಲಿಸಿದಳು. ನಾನು ವಡ್ಡುಗೆ ಫೋನ್ ಹಚ್ಚಿ ಮಾರುತೇಶನ ಜನ್ಮ ಜಾಲಾಡಿದೆ.

"ನೀನು ಗಂಡಸೇನಲೇ? ಹೆಂಡ್ತಿ ಚೀಲ ಹೋದ ಮ್ಯಾಲ ಬಂದು ಹೇಳ್ತೀಯೇನು ನಿಮ್ಮವ್ವಗ?"

"ಈ ವಾರ ಖರೇ ಹೇಳ್ತೀನಿ ಅಕ್ಕ" ಎಂದ. ಆ ವಾರ ಅವನಿಗೆ ಓವರ್‌ಟೈಮ್ ಬಿತ್ತು.

ಶಿವರಾತ್ರಿ ಆಯಿತು. ಚಳಿ ಹೋಗಿ ಬಿಸಿಲು ಏರತೊಡಗಿತು. ಊರೆಲ್ಲ ಬೆವರುವ ಹೊತ್ತಿಗೆ ಪಂಪಾವತಿಯ ಬೆವರು ನಿಂತಿತು. ಒಲೆಯ ಮುಂದೆ ತಣ್ಣಗೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅದನ್ನು ನೋಡಿಯೇ ನನಗೆ ತಿಳಿಯಿತು. ಔಷಧಿ ಇಳಿದುಹೋಗಿತ್ತು, ಮೈಯಲ್ಲಿ ಹಾರ್ಮೋನು ಮತ್ತೆ ಹರಿಯತೊಡಗಿತ್ತು. ಸೊರಗಿ ಕೂತಿದ್ದ ಕಣಗಳು ಅದನ್ನು ಕುಡಿದು ಒಂದು ಎರಡಾಗುತ್ತಿದ್ದವು. ಸ್ವಲ್ಪ ದಿನಕ್ಕೇ ಸೀರೆಯ ನಿರಿಗೆಯ ಕೆಳಗೆ ಹೊಟ್ಟೆ ಎದ್ದು ಕಂಡಿತು. ಓಣಿಯ ಹೆಂಗಸರು ಈಗ ಬಾಯಿಬಿಟ್ಟು ಕೇಳತೊಡಗಿದರು, ಜಂಬವ್ವನೂ ತುಟಿ ಸಡಿಲಿಸಿ ನಕ್ಕಳು. ಒಂದು ಸಂಜೆ ಅವಳು ಕಟ್ಟೆಯ ಮೇಲೆ ಕೂತು ಸೊಸೆಯ ಹೊಟ್ಟೆಗೆ ಹರಳೆಣ್ಣೆ ಸವರುವುದನ್ನು ಕಂಡೆ. ಆ ಮುದುಕಿ ಅಂಗೈಯಿಂದ ಅಷ್ಟು ಅಕ್ಕರೆಯಿಂದ ನೇವರಿಸುತ್ತಿದ್ದದ್ದು ಗಡ್ಡೆಯನ್ನು. ಪಂಪಾವತಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಮಾತಾಡಿಸದೆ ಮನೆಗೆ ಬಂದು ಅತ್ತುಬಿಟ್ಟೆ.

ಯುಗಾದಿ ಮುಗಿದ ವಾರ, ಮಧ್ಯಾಹ್ನ ಊಟದ ಗದ್ದಲದಲ್ಲಿ ಬಳೆಗಳ ಸದ್ದು ನಿಂತಿತು. ಹೋಗಿ ನೋಡಿದರೆ ಒಲೆಯ ಮುಂದಿನ ಮಣೆಯೆಲ್ಲ ರಕ್ತ. ಇಷ್ಟು ತಿಂಗಳು ನಿಂತಿದ್ದ ಮುಟ್ಟು ಒಮ್ಮೆಲೇ ಕಟ್ಟೆ ಒಡೆದಿತ್ತು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಡಬ್ಬಿ ತಂದಿದ್ದ ಜಂಬವ್ವ ಕಾಲುಗಳನ್ನು ಎತ್ತಿ ಹಿಡಿದು, "ತಾಯಿ ಹುಲಿಗೆಮ್ಮ, ಕೂಸು ಉಳಸು, ಕೂಸು ಉಳಸು" ಎನ್ನುತ್ತಿದ್ದಳು. ಕಾಲುವೆ ಯಾವಾಗ ದಾಟಿದೆವೋ ಅವಳಿಗೆ ಗೊತ್ತಾಗಲಿಲ್ಲ.

ಡಾಕ್ಟರಮ್ಮ ನಮ್ಮನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ರಕ್ತ ಏರಿಸಿ, ಒಳಗೆ ಕರೆದುಕೊಂಡು ಹೋದರು. ಮಾರುತೇಶ್ ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದು ಸಹಿ ಹಾಕಿದ. ಜಂಬವ್ವ ಬಾಗಿಲ ಹತ್ತಿರ ನೆಲದ ಮೇಲೆ ಕೂತು, ಬಂದುಹೋಗುವ ನರ್ಸುಗಳ ಸೆರಗು ಹಿಡಿದು ಕೇಳುತ್ತಿದ್ದಳು. "ಗಂಡಾ ಹೆಣ್ಣಾ, ಅದನ್ನಾರ ಹೇಳ್ರೆವ್ವ." ಅವರಿಗೆ ಏನೂ ಅರ್ಥವಾಗಲಿಲ್ಲ. ಮಾರುತೇಶ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಆಪರೇಶನ್ ಆದ ಮೇಲೆ ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಪದ್ಧತಿ. ಡಾಕ್ಟರಮ್ಮ ಸ್ಟೀಲಿನ ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. "ಗಡ್ಡೆ ಮಾತ್ರ ತೆಗೆಯೋಕೆ ಬಹಳ ಪ್ರಯತ್ನ ಮಾಡಿದೆ. ರಕ್ತ ನಿಲ್ಲಲಿಲ್ಲ. ಜೀವ ಉಳಿಸಬೇಕಾಗಿತ್ತು, ಚೀಲವನ್ನೂ ತೆಗೆದೆ. ಕರೆದಾಗ ಬಂದಿದ್ದರೆ ಇಷ್ಟಾಗ್ತಿರಲಿಲ್ಲ."

ಜಂಬವ್ವ ಬಾಗಿ ನೋಡಿದಳು. ತಟ್ಟೆಯನ್ನೇ ಬಹಳ ಹೊತ್ತು ನೋಡಿದಳು. "ಕೂಸು?" ಎಂದಳು.

"ಕೂಸು ಇರಲಿಲ್ಲಮ್ಮ. ಇದೇ ಇದ್ದದ್ದು."

ಮುದುಕಿ ಮಗನ ಬೆನ್ನನ್ನು ನೋಡಿದಳು, ನನ್ನ ಮುಖ ನೋಡಿದಳು. ಹೇಳಬೇಕಾದದ್ದನ್ನೆಲ್ಲ ಅವೆರಡೇ ಹೇಳಿದವು. ಆಮೇಲೆ ಗೋಡೆ ಹಿಡಿದುಕೊಂಡು ಹೋಗಿ ಬೆಂಚಿನ ಮೇಲೆ ಕೂತಳು.

ಮರುದಿನ ಬೆಳಿಗ್ಗೆ ಪಂಪಾವತಿಗೆ ಎಚ್ಚರವಾದಾಗ ಅವಳ ಮಂಚದ ಹತ್ತಿರ ಜಂಬವ್ವನೇ ಇದ್ದಳು. ಒದ್ದೆ ಬಟ್ಟೆಯಿಂದ ಸೊಸೆಯ ಮುಖ ಒರೆಸಿದಳು, ಕೆದರಿದ ಕೂದಲನ್ನು ಹಿಂದೆ ಸರಿಸಿದಳು. ನಾನು ಕಾಲ ಕಡೆ ನಿಂತಿದ್ದೆ.

"ನನಗ್ಯಾಕ ಹೇಳಲಿಲ್ಲ ನನ್ನವ್ವ?" ಎಂದಳು ಜಂಬವ್ವ. "ಅಂಜಿದ್ಯೇನು? ನನ್ನ ತಂಗಿನ್ನ ಕಳ್ಕೊಂಡಾಕಿ ನಾನು. ಗಡ್ಡಿ ಅಂದಿದ್ರ ನಾನೇ ಕೈ ಹಿಡಕೊಂಡು ಕರ್ಕೊಂಡು ಬರ್ತಿದ್ನಲ್ಲ. ಯಾ ಕಾಲುವಿ, ಯಾ ಅಮಾಸಿ ನೋಡ್ತಿದ್ದೆ ನಾನು?"

"ಗೊತ್ತಿತ್ತತ್ತಿ" ಎಂದಳು ಪಂಪಾವತಿ. ದನಿ ಬಹಳ ಸಣ್ಣಗಿತ್ತು. "ನೀವು ಕರ್ಕೊಂಡು ಹೋಗ್ತಿದ್ರಿ ಅಂತ ಗೊತ್ತಿತ್ತು."

"ಮತ್ತ?"

ಪಂಪಾವತಿ ಮೇಲೆ ನೋಡುತ್ತಲೇ ಇದ್ದಳು. ಕಣ್ಣೀರು ಎರಡೂ ಕಡೆ ಕಿವಿಗೆ ಇಳಿಯುತ್ತಿತ್ತು. "ಹೇಳಿದ್ರ ಅವತ್ತಿಗೇ ಮುಗೀತಿತ್ತಲ್ರಿ ಎಲ್ಲಾ. ನೀವು ಉಡಿ ತುಂಬಿದ್ರಿ. ತಾಟಿನ್ಯಾಗ ತುಪ್ಪ ಹಾಕಿ, ಉಣ್ಣೋದನ್ನ ನೋಡ್ಕೊಂತ ಕುಂದ್ರತಿದ್ರಿ. ಒಂದು ವಾರ ಹಿಂಗ ಇರಲಿ, ಇನ್ನೊಂದು ವಾರ ಇರಲಿ ಅಂದೆ. ಅದು ಬೆಳೆಯಾಕತ್ತಿದ್ದು ನನಿಗೆ ಗೊತ್ತಿತ್ತು. ಆದ್ರೂ ಕೈ ಇಟ್ರ, ಯಾರೋ ಬರಾಕತ್ತಾರ ಅನ್ನಿಸ್ತಿತ್ತತ್ತಿ."

ಈ ಮಾತನ್ನು ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ. ಇಷ್ಟು ದಿನ ಮಾರುತೇಶನನ್ನು, ಮಡಿಯನ್ನು, ದೃಷ್ಟಿಯನ್ನು ಎಲ್ಲವನ್ನೂ ಬೈದಿದ್ದ ನನಗೆ ಬೈಯಲು ಯಾರೂ ಉಳಿಯಲಿಲ್ಲ. ತಾಯಾಗುವ ಒಂದೇ ದಾರಿಯನ್ನು ಉಳಿಸಿಕೊಳ್ಳಲು ಇಂಜೆಕ್ಷನ್ ಹಾಕಿಸಿಕೊಂಡ ಇವಳು, ಕೆಲವು ದಿನ ತಾಯಾಗುವವಳಂತೆ ಬದುಕಿದ್ದಕ್ಕೆ ಆ ದಾರಿಯನ್ನೇ ಕೊಟ್ಟುಬಿಟ್ಟಿದ್ದಳು.

ಜಂಬವ್ವ ಸೊಸೆಯ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಿದ್ದಳು.

"ನಾನು ಹೆಸರು ಇಟ್ಟಿದ್ದೆ" ಎಂದಳು ಕೊನೆಗೆ.

"ನಾನೂ ಇಟ್ಟಿದ್ದೆ ಅತ್ತಿ."

ಯಾವ ಹೆಸರು ಎಂದು ಒಬ್ಬರು ಇನ್ನೊಬ್ಬರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.